ದಾವಣಗೆರೆಯಿಂದ ಮೊಮ್ಮಕ್ಕಳ ಊರಿಗೆ ರೋಡಲ್ಲಿ ಹೋಗೋ ಹಿರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಈಗ ಬಹಳ ಮನೇಲಿ ಹಿಂಗೇ ಐತಿ, ಮಗ ಬೆಂಗಳೂರು, ಮಗಳು ಪುಣೆ, ಇಲ್ಲಿ ವಿದ್ಯಾನಗರದಲ್ಲೋ ನಿಟುವಳ್ಳಿಲೋ ಗಂಡ ಹೆಂಡ್ತಿ ಇಬ್ರೇ. ಮೊಮ್ಮಗು ಹುಟ್ಟಿದ ಮೇಲಂತೂ ಕಾಲು ನಿಲ್ಲಲ್ಲ. ವಾಕಿಂಗಲ್ಲಿ ಸಿಕ್ಕೋರು, ಮದುವೆ ಮನೇಲಿ ಪಕ್ಕ ಕೂತೋರು ಎಲ್ಲಾ ಇದೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಹೇಳೋದು ಇಷ್ಟೇ, ಮುಟ್ಟಿದ ದಿನ ಸಂಜೆ ಮಗೂನ ಎತ್ಕೊಂಡು ಆಡಿಸೋಷ್ಟು ಕಸುವು ಮೈಯಲ್ಲಿ ಉಳಿದಿರಬೇಕು, ಪ್ರಯಾಣದ ಪ್ಲಾನೆಲ್ಲ ಆ ಲೆಕ್ಕದಲ್ಲೇ ಮಾಡ್ರಿ.

ದಾವಣಗೆರೆಯಿಂದ ಪುಣೆಗೆ ಒಂದೇ ದಿನದಲ್ಲಿ ಕಾರಲ್ಲಿ ಹೋಗಬಹುದಾ?

ಹೋಗೋರು ಇದಾರೆ, ಆದ್ರೆ 60 ದಾಟಿದೋರು ಹೋಗಬಾರದು ಅಂತ ನಾನು ಖಡಾಖಂಡಿತ ಹೇಳ್ತೀನಿ. ಹೆಚ್ಚು ಕಡಿಮೆ 580 ಕಿಲೋಮೀಟರ್ ಆಗುತ್ತೆ, ಹರಿಹರ ದಾಟಿ ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಧಾರವಾಡ, ಕಿತ್ತೂರು, ಬೆಳಗಾವಿ, ನಿಪ್ಪಾಣಿ, ಆಮೇಲೆ ಮಹಾರಾಷ್ಟ್ರದ ಕೊಲ್ಹಾಪುರ, ಕರಾಡ, ಸಾತಾರಾ, ಪುಣೆ. ಎಲ್ಲಾ ಎನ್‌ಎಚ್ 48, ನಾವು ಹಳಬರು ಪಿಬಿ ರೋಡ್ ಅಂತಿದ್ವಲ್ಲ ಅದೇ. ಮ್ಯಾಪಲ್ಲಿ ಹತ್ತು ಗಂಟೆ ಅಂತ ತೋರಿಸಿದ್ರೆ ಅದು ನಿಲ್ಲದೇ ಓಡಿಸಿದೋರ ಲೆಕ್ಕ. ಊಟ, ಟೀ, ಬಾತ್‌ರೂಮು, ಸ್ವಲ್ಪ ಕಾಲಾಡಿಸೋದು ಎಲ್ಲಾ ಸೇರಿಸಿದ್ರೆ ಹದಿಮೂರು ಗಂಟೆ ಹತ್ರ ಹೋಗುತ್ತೆ.

ಎರಡು ದಿನ ಮಾಡ್ಕೊಳ್ರಿ. ಬೆಳಗಾವಿ 240 ಕಿಲೋಮೀಟರ್ ಹತ್ರ, ಕೊಲ್ಹಾಪುರ 350 ಹತ್ರ. ನನ್ನ ಆಯ್ಕೆ ಕೊಲ್ಹಾಪುರ, ಯಾಕಂದ್ರೆ ಮಧ್ಯಾಹ್ನ ಮೂರಕ್ಕೆಲ್ಲ ಮುಟ್ಟಿ ಸ್ವಲ್ಪ ಅಡ್ಡಾಗಿ, ಸಂಜೆ ಮಹಾಲಕ್ಷ್ಮಿ ದರ್ಶನ ಮಾಡ್ಕೊಂಡು ಮಲಗಿದ್ರೆ ಮರುದಿನಕ್ಕೆ 230 ಕಿಲೋಮೀಟರ್ ಅಷ್ಟೇ ಉಳಿಯುತ್ತೆ, ಮಧ್ಯಾಹ್ನ ಊಟದ ಹೊತ್ತಿಗೆ ಮಗಳ ಮನೇಲಿ ಇರ್ತೀರಿ. ಸೊಂಟ ನೋವು ಇರೋರು, ಶುಗರ್ ಜಾಸ್ತಿ ಇರೋರು ಬೆಳಗಾವಿಲೇ ಉಳ್ಕೊಳ್ರಿ. ಲಾಡ್ಜಿಗೆ ದುಡ್ಡು ಯಾಕೆ ದಂಡ ಅಂತ ನಮ್ಮ ವಯಸ್ಸಿನೋರು ಹಿಂದೆ ಮುಂದೆ ನೋಡ್ತಾರೆ, ಆ ದುಡ್ಡು ಉಳಿಸಿ ಎರಡು ದಿನ ಬೆನ್ನು ಹಿಡ್ಕೊಂಡು ಮಲಗಿದ್ರೆ ಹೋಗಿ ಏನು ಪ್ರಯೋಜನ ಹೇಳ್ರಿ.

ಆ ದಾರೀಲಿ ಎಲ್ಲೆಲ್ಲಿ ಹುಷಾರಾಗಿರಬೇಕು?

ಮೊದಲನೇದು ಹುಬ್ಬಳ್ಳಿ ಧಾರವಾಡ ಬೈಪಾಸು. ಬಹಳ ವರ್ಷ ಅದು ಎರಡೇ ಲೇನಿನ ರೋಡು, ಎದುರುಬದುರು ಗಾಡಿ. 2021ರ ಜನವರಿಲಿ ಗೋವಾಕ್ಕೆ ಹೊರಟಿದ್ದ ನಮ್ಮ ದಾವಣಗೆರೆ ಹೆಣ್ಮಕ್ಕಳ ಟೆಂಪೋ ಟ್ರಾವೆಲರ್ರು ಇಟಿಗಟ್ಟಿ ಹತ್ರ ಟಿಪ್ಪರ್ರಿಗೆ ಡಿಕ್ಕಿಯಾಗಿದ್ದು ಇದೇ ಬೈಪಾಸಲ್ಲಿ, ಆ ದಿನ ಊರಿಗೆ ಊರೇ ಅತ್ತಿತ್ತು. ಆಮೇಲೆ ಆರು ಲೇನ್ ಮಾಡೋ ಕೆಲಸ ಶುರುವಾಯ್ತು. ಕೆಲಸ ಮುಗಿದಿರೋ ಕಡೆ ಆರಾಮು, ಆದ್ರೂ ಡೈವರ್ಶನ್ ಬೋರ್ಡ್ ಕಂಡ್ರೆ ಸ್ಪೀಡ್ ಇಳಿಸ್ರಿ, ಓವರ್‌ಟೇಕ್ ಮಾಡೋ ಆಸೆ ಅಲ್ಲಿ ಬೇಡವೇ ಬೇಡ.

ಎರಡನೇದು ಸಾತಾರಾ ದಾಟಿದ ಮೇಲೆ ಖಂಬಾಟ್ಕಿ ಘಾಟ್. ನಾವು ಪುಣೆ ಕಡೆ ಹೋಗೋವಾಗ ಸುರಂಗದಲ್ಲಿ ಹೋಗ್ತೀವಿ, ಸುರಂಗ ಮುಗಿದ ಕೂಡಲೇ ಇಳಿಜಾರು, ಜೊತೆಗೆ ಎಡಕ್ಕೆ ಬಲಕ್ಕೆ ಹೊಳ್ಳೋ ತಿರುವು, ಕತ್ತಲಿಂದ ಬಿಸಿಲಿಗೆ ಬಂದಾಗ ಕಣ್ಣು ಹೊಂದ್ಕೊಳ್ಳೋಕೆ ನಮಗೆ ಹುಡುಗರಿಗಿಂತ ಜಾಸ್ತಿ ಹೊತ್ತು ಬೇಕು. ಗೇರ್ ಇಳಿಸ್ಕೊಂಡೇ ಹೊರಗೆ ಬರ್ರಿ. ಹೊಸ ಸುರಂಗದ ಕೆಲಸಾನೂ ಅಲ್ಲಿ ತಗೊಂಡಿದಾರೆ, ಬೋರ್ಡ್ ನೋಡ್ಕೊಂಡು ಹೋಗ್ರಿ.

ಮೂರನೇದು ಪುಣೆ ಬಾಗಿಲಲ್ಲೇ, ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಡ್ಜ್ ತನಕ ಉದ್ದಕ್ಕೆ ಇಳಿಜಾರು. ಲಾರಿಯೋರು ಡೀಸೆಲ್ ಉಳಿಸೋಕೆ ನ್ಯೂಟ್ರಲಲ್ಲಿ ಬಿಡ್ತಾರೆ, ಬ್ರೇಕ್ ಕಾದು ಹಿಡಿಯೋದಿಲ್ಲ, ದೊಡ್ಡ ದೊಡ್ಡ ಅಪಘಾತ ಆಗಿರೋ ಜಾಗ ಅದು. ಲಾರಿ ಮುಂದೆ ಹೋಗಿ ತಟಕ್ಕಂತ ಸ್ಲೋ ಮಾಡಬೇಡ್ರಿ, ಲೋಡ್ ಗಾಡಿಗಳಿಂದ ದೂರ ಇರ್ರಿ. ಸಂಜೆ ಆಫೀಸ್ ಬಿಡೋ ಹೊತ್ತಿಗಂತೂ ಅಲ್ಲಿಗೆ ಹೋಗಲೇಬೇಡ್ರಿ, ಕೊಲ್ಹಾಪುರದಲ್ಲಿ ಉಳ್ಕೊಳ್ರಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ಬೆಂಗಳೂರಿಗಾದ್ರೆ?

260 ಕಿಲೋಮೀಟರ್ ಚಿಲ್ಲರೆ, ಚಿತ್ರದುರ್ಗದೋರಿಗೆ 200. ಅರ್ಧ ದಿನದ ಕೆಲಸ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ತನಕ ಏನೂ ತೊಂದರೆ ಇಲ್ಲ. ಕಷ್ಟ ಇರೋದು ಕೊನೇಲಿ, ನೆಲಮಂಗಲ ದಾಟಿ ಗೊರಗುಂಟೆಪಾಳ್ಯ ಸಿಗ್ನಲ್ ತನಕ. ಮಗನ ಮನೆ ಎಲ್ಲೈತಿ ನೋಡ್ಕೊಂಡು ದಾರಿ ಆರಿಸ್ಕೊಳ್ರಿ. ಕೆಂಗೇರಿ, ಬನ್ನೇರುಘಟ್ಟ ರೋಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಆದ್ರೆ ತುಮಕೂರು ರೋಡಿಂದಲೇ ನೈಸ್ ರೋಡ್ ಹತ್ತಿ, ಊರೊಳಗೆ ಹೋಗೋದೇ ಬೇಡ. ದೇವನಹಳ್ಳಿ, ಹೊಸಕೋಟೆ, ವೈಟ್‌ಫೀಲ್ಡ್ ಕಡೆ ಆದ್ರೆ ದಾಬಸ್‌ಪೇಟೆಲೇ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ಹೋಗೋ ಸ್ಯಾಟಲೈಟ್ ರಿಂಗ್ ರೋಡ್ ಐತಿ, ಕಿಲೋಮೀಟರ್ ಜಾಸ್ತಿ ಆದ್ರೂ ತಲೆನೋವು ಕಡಿಮೆ.

ಬೆಳಿಗ್ಗೆ ಐದೂವರೆಗೆ ಬಿಟ್ರೆ ಹನ್ನೊಂದರ ಹೊತ್ತಿಗೆ ನೆಲಮಂಗಲ, ಆಗ ಆಫೀಸ್ ರಶ್ ಇಳಿದಿರುತ್ತೆ. ತಿಂಡಿಗೆ ತುಮಕೂರು ಹತ್ರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಎಣ್ಣೆ ಇಲ್ಲ ಮಸಾಲೆ ಇಲ್ಲ, ಪ್ರಯಾಣದಲ್ಲಿ ಅದಕ್ಕಿಂತ ಒಳ್ಳೇ ತಿಂಡಿ ಯಾವುದೂ ಇಲ್ಲ. ಊರು ಬಿಡೋವಾಗ ಬೆಣ್ಣೆ ದೋಸೆ ತಿಂದು ಹೊರಡೋದು ನಮ್ಮೋರ ಅಭ್ಯಾಸ, ನಾನೂ ದೋಸೆ ಪ್ರಿಯನೇ, ಆದ್ರೆ ಗಾಡಿ ಓಡಿಸೋರು ಅವತ್ತು ಬಿಡೋದು ಒಳ್ಳೇದು, ಚಿತ್ರದುರ್ಗ ಬರೋದ್ರೊಳಗೆ ಕಣ್ಣು ಎಳೀತವೆ.

ರಾತ್ರಿ ಹೊರಟ್ರೆ ಟ್ರಾಫಿಕ್ ಇರಲ್ಲ ಅಂತಾರಲ್ಲ?

ಕಾರಾದ್ರೆ ಬೇಡ. ಬೆಳಗಿನ ಜಾವ ಎರಡರಿಂದ ಐದರ ತನಕ ಮೈ ತಾನಾಗೇ ನಿದ್ದೆ ಕೇಳುತ್ತೆ, ಟೀ ಕುಡಿದ್ರೂ ಎಸಿ ಹಾಕಿದ್ರೂ ಅದು ಹೋಗಲ್ಲ. ಎದುರು ಗಾಡಿ ಲೈಟು ಕಣ್ಣಿಗೆ ಕುಕ್ಕುತ್ತೆ, ಕಣ್ಣಲ್ಲಿ ಪೊರೆ ಶುರುವಾಗಿದ್ರಂತೂ ಲೈಟಿನ ಸುತ್ತ ಬಳೆ ಬಳೆ ಕಾಣುತ್ತೆ, ರೋಡ್ ಬದಿ ಲೈಟಿಲ್ಲದೇ ನಿಂತ ಲಾರಿ ಕಾಣೋದೇ ಇಲ್ಲ. ಅಳಿಯ ಓಡಿಸ್ತಾನೆ ಅಂದ್ರೂ ಅವನೂ ದಿನವೆಲ್ಲ ಕೆಲಸ ಮಾಡಿ ದಣಿದಿರ್ತಾನೆ, ಮಲಗಿ ಬೆಳಿಗ್ಗೆ ಬಾ ಅನ್ರಿ.

ಬಸ್ಸಲ್ಲಿ ಹೋಗೋದಾ, ಕಾರಲ್ಲಿ ಹೋಗೋದಾ?

ಬೆಂಗಳೂರಿಗೆ ಬಸ್ಸೇ ಸಾಕು ಅಂತ ನನ್ನ ಅಭಿಪ್ರಾಯ, ಹಗಲು ಬಸ್ಸು. ಹೆಣ್ಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಿ, ಆಧಾರ್ ತೋರಿಸಿದ್ರೆ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಲ್ಲಿ ಟಿಕೆಟ್ ಫ್ರೀ, ರಾಜಹಂಸ, ಐರಾವತಕ್ಕೆ ಇಲ್ಲ, ರಾಜ್ಯದ ಗಡಿ ದಾಟೋ ಪ್ರಯಾಣಕ್ಕೂ ಇಲ್ಲ. 60 ದಾಟಿದ ಗಂಡಸರಿಗೆ ಸರ್ಕಾರಿ ಬಸ್ಸಲ್ಲಿ ಶೇಕಡಾ 25 ರಿಯಾಯಿತಿ, ಯಾವ ಬಸ್ಸಿಗೆ ಅನ್ವಯ ಅಂತ ಬುಕಿಂಗಲ್ಲೇ ಕೇಳ್ಕೊಳ್ರಿ, ವಯಸ್ಸಿನ ಪ್ರೂಫ್ ಕೈಯಲ್ಲಿರಲಿ.

ಪುಣೆಗೆ ಸ್ಲೀಪರ್ ಬಸ್ಸಲ್ಲಿ ಹೋಗೋದಾದ್ರೆ ಕೆಳಗಿನ ಬರ್ತೇ ತಗೊಳ್ರಿ, ಮೇಲಿನದಕ್ಕೆ ಕತ್ತಲಲ್ಲಿ ಏಣಿ ಹತ್ತಿ ಇಳಿಯೋದು ನಮ್ಮ ಮೊಣಕಾಲಿಗೆ ಆಗೋ ಮಾತಲ್ಲ. ಹತ್ತಿದ ಕೂಡಲೇ ಎಮರ್ಜೆನ್ಸಿ ಬಾಗಿಲು ಎಲ್ಲೈತಿ, ಗಾಜು ಒಡೆಯೋ ಸುತ್ತಿಗೆ ಎಲ್ಲೈತಿ ನೋಡ್ಕೊಂಡು ಮಲಗ್ರಿ. ಬಸ್ ಎಲ್ಲೆಲ್ಲಿ ನಿಲ್ಸ್ತಾರೆ ಅಂತ ಡ್ರೈವರ್‌ನ ಮುಂಚೆನೇ ಕೇಳ್ರಿ, ಬಿಪಿ ಮಾತ್ರೆ ತಗೊಳ್ಳೋರಿಗೆ ಅರ್ಜೆಂಟಾಗಿ ನಿಲ್ಲಿಸಬೇಕಾಗಿ ಬರುತ್ತೆ ಅಂತ ಹೇಳಿಟ್ರೆ ಒಳ್ಳೇ ಡ್ರೈವರ್‌ಗಳು ನಿಲ್ಲಿಸ್ತಾರೆ.

ಕಾರು ಮನೇಲೇ ನಿಂತಿರುತ್ತೆ, ಹೊರಡೋ ಮುಂಚೆ ಏನು ನೋಡಬೇಕು?

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮಂಥೋರ ಕಾರು ತಿಂಗಳಿಗೊಮ್ಮೆ ದೇವಸ್ಥಾನಕ್ಕೋ ಮದುವೆಗೋ ಹೊರಬೀಳೋದು. ಟೈರ್ ಹಲ್ಲು ಹೊಸದರಂಗೆ ಕಾಣುತ್ತೆ, ರಬ್ಬರ್ ಮಾತ್ರ ಒಳಗೆ ಒಣಗಿರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ, ಬಗ್ಗಿ ಟಾರ್ಚ್ ಹಾಕಿ ನೋಡ್ರಿ. 2318 ಅಂತಿದ್ರೆ 2018ನೇ ಇಸವಿ 23ನೇ ವಾರ ತಯಾರಾಗಿದ್ದು ಅಂತ ಅರ್ಥ. ಆರು ವರ್ಷ ದಾಟಿದ್ರೆ ಹಲ್ಲು ಎಷ್ಟೇ ಇರಲಿ ಲಾಂಗ್ ಡ್ರೈವಿಗೆ ಮುಂಚೆ ಬದಲಾಯಿಸ್ರಿ, ಏಪ್ರಿಲ್ ಮೇ ಬಿಸಿಲಲ್ಲಿ ಹೈವೇ ಸ್ಪೀಡಿಗೆ ಒಡೆಯೋದು ಇಂಥವೇ. ಗಾಳಿ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸ್ರಿ, ಸ್ಟೆಪ್ನಿಗೂ ಹಾಕಿಸ್ರಿ, ಅದನ್ನ ಎಲ್ಲರೂ ಮರೀತಾರೆ. ಬ್ಯಾಟರಿ, ಬ್ರೇಕು, ಕೂಲಂಟು, ವೈಪರ್ರು ಹೊರಡೋಕೆ ಒಂದು ವಾರ ಮುಂಚೆ ತೋರಿಸ್ರಿ, ಹಿಂದಿನ ದಿನ ತೋರಿಸಿದ್ರೆ ಏನಾದ್ರೂ ಬಿಚ್ಚಿಟ್ಟು ಪಾರ್ಟ್ಸ್ ಬರಬೇಕು ಅಂತಾರೆ.

ಲೈಸೆನ್ಸ್ ಬಗ್ಗೆ ಏನು?

ತೆಗೆದು ತಾರೀಖು ನೋಡ್ರಿ, ಈಗಲೇ. 55 ದಾಟಿದ ಮೇಲೆ ರಿನ್ಯೂ ಮಾಡಿಸಿದ್ರೆ ಒಂದು ಸಲಕ್ಕೆ 5 ವರ್ಷ ಮಾತ್ರ ಕೊಡ್ತಾರೆ, ಡಾಕ್ಟರ ಹತ್ರ ಫಾರ್ಮ್ 1ಎ ಸಹಿ ಮಾಡಿಸಬೇಕು. ಅವಧಿ ಮುಗಿದ ಲೈಸೆನ್ಸಲ್ಲಿ ಓಡಿಸಿ ಏನಾದ್ರೂ ಆದ್ರೆ ಇನ್ಶೂರೆನ್ಸ್ ಕೈ ಕೊಡಬಹುದು. ಮುಗಿಯೋಕೆ ಒಂದು ವರ್ಷ ಮುಂಚೆನೇ ಅರ್ಜಿ ಹಾಕಬಹುದು, ಮುಗಿದು ಒಂದು ವರ್ಷ ಬಿಟ್ರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತೆ.

ಟೋಲಿಗೆ ವಾರ್ಷಿಕ ಪಾಸ್ ಮಾಡಿಸಿದ್ರೆ ಲಾಭನಾ?

ವರ್ಷಕ್ಕೆ ಎರಡು ಮೂರು ಸಲ ಪುಣೆಗೆ ಕಾರಲ್ಲೇ ಹೋಗಿ ಬರೋರಿಗೆ ಲಾಭ. 2025ರ ಆಗಸ್ಟ್ 15ಕ್ಕೆ ಶುರುವಾದಾಗ 3000 ರೂಪಾಯಿ ಇಟ್ಟಿದ್ರು, ಒಂದು ವರ್ಷ ಅಥವಾ 200 ಸಲ ಟೋಲ್ ದಾಟೋ ತನಕ, ಯಾವುದು ಮೊದಲು ಮುಗಿಯುತ್ತೋ ಅದು. ಸ್ವಂತ ಕಾರಿಗೆ ಮಾತ್ರ, ಬಾಡಿಗೆ ಟ್ಯಾಕ್ಸಿಗೆ ಇಲ್ಲ, ಒಂದು ಕಾರಿಂದು ಇನ್ನೊಂದಕ್ಕೆ ನಡೆಯಲ್ಲ. ರಾಷ್ಟ್ರೀಯ ಹೆದ್ದಾರಿ ಟೋಲಿಗಷ್ಟೇ, ನೈಸ್ ರೋಡಿಗೆ ಬೇರೆ ದುಡ್ಡು ಕಟ್ಟಬೇಕು. ರಾಜಮಾರ್ಗ ಯಾತ್ರಾ ಆ್ಯಪಲ್ಲಿ ಮಾಡಿಸ್ಕೋಬೇಕು, ಮೊಬೈಲ್ ಅಷ್ಟು ಗೊತ್ತಾಗಲ್ಲ ಅಂದ್ರೆ ಮಗನ ಕೈಲಿ ಮಾಡಿಸ್ರಿ, ಟೋಲ್ ಹತ್ರ ನಿಂತು ಮಾಡಿಕೊಡ್ತೀನಿ ಅನ್ನೋರ ಕೈಗೆ ಫೋನ್ ಕೊಡಬೇಡ್ರಿ.

ಬಾತ್‌ರೂಮ್ ಚಿಂತೆಗೆ ನೀರು ಕುಡಿಯೋದೇ ಬಿಡ್ತೀವಿ, ತೊಂದ್ರೆನಾ?

ತೊಂದ್ರೆನೇ. ಈ ಪ್ರಶ್ನೆ ಜಾಸ್ತಿ ಕೇಳೋದು ಹೆಣ್ಮಕ್ಕಳು, ಅದೂ ಮೆತ್ತಗೆ ಕೇಳ್ತಾರೆ, ಇದರಲ್ಲಿ ನಾಚ್ಕೆ ಪಡೋದು ಏನೂ ಇಲ್ಲ. ನೀರು ಕುಡೀದೇ ಗಂಟೆಗಟ್ಟಲೆ ಕೂತ್ರೆ ಉರಿಮೂತ್ರ ಬರುತ್ತೆ, ತಲೆ ಸುತ್ತುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯಾನೂ ಹೆಚ್ಚುತ್ತೆ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಲೇಬೇಕು, ಹತ್ತು ನಿಮಿಷ ನಡೀಬೇಕು. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ತಾ ಇರ್ರಿ. ಪೆಟ್ರೋಲ್ ಬಂಕಲ್ಲಿ ಟಾಯ್ಲೆಟ್ ಇರುತ್ತೆ, ಆದ್ರೆ ದೊಡ್ಡ ಹೋಟೆಲಿನವೇ ವಾಸಿ, ಒಂದು ಟೀ ಕುಡಿದ್ರೆ ಯಾರೂ ಏನೂ ಅನ್ನಲ್ಲ. ವೆಸ್ಟರ್ನ್ ಕಮೋಡ್ ಎಲ್ಲಿ ಚೆನ್ನಾಗೈತಿ ಅಂತ ಒಂದು ಸಲ ನೋಡಿಟ್ಕೊಂಡ್ರೆ ಮುಂದಿನ ಸಲಕ್ಕೆ ಅಲ್ಲೇ ನಿಲ್ಲಬಹುದು. ನೀರು ಹೋಗೋ ಮಾತ್ರೆ ತಗೊಳ್ಳೋರು ಪ್ರಯಾಣದ ದಿನ ಯಾವ ಹೊತ್ತಿಗೆ ತಗೋಬೇಕು ಅಂತ ಡಾಕ್ಟರ್‌ನ ಕೇಳ್ಕೊಳ್ರಿ, ನೀವಾಗೇ ಬಿಡಬೇಡ್ರಿ.

ಶುಗರ್ ಇರೋರು, ಇನ್ಸುಲಿನ್ ತಗೊಳ್ಳೋರು ಏನು ಮಾಡಬೇಕು?

ಇನ್ಸುಲಿನ್ನ ಡಿಕ್ಕಿಲಿ, ಡ್ಯಾಶ್‌ಬೋರ್ಡಲ್ಲಿ ಇಡಬೇಡ್ರಿ, ಬಿಸಿಲಲ್ಲಿ ನಿಲ್ಲಿಸಿದ ಕಾರು ಒಲೆ ಆಗಿರುತ್ತೆ, ಔಷಧಿ ಕೆಡುತ್ತೆ. ಐಸಿಗೆ ನೇರವಾಗಿ ತಾಗಿಸೋದೂ ತಪ್ಪು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರಲ್ಲ. ಕೂಲ್ ಪೌಚಲ್ಲಿ ಹಾಕಿ ನಿಮ್ಮ ಜೊತೆಗೇ ಇಟ್ಕೊಂಡು ಇಳಿದಲ್ಲೆಲ್ಲ ಕೈಲಿ ಹಿಡ್ಕೊಂಡು ಹೋಗ್ರಿ. ಊಟ ತಡ ಆಗೋ ಹಾಗಿದ್ರೆ ಶುಗರ್ ಇಳಿಯುತ್ತೆ. ಬೆವರು, ಕೈ ನಡುಕ, ಕಣ್ಣು ಮಂಜು ಬಂತು ಅಂದ್ರೆ ಗಾಡಿ ಸೈಡಿಗೆ ಹಾಕಿ ಮೂರು ಚಮಚ ಸಕ್ಕರೆನ ನೀರಲ್ಲಿ ಕಲಸಿ ಕುಡಿದು, ಕಾಲು ಗಂಟೆ ಬಿಟ್ಟು ಚೆಕ್ ಮಾಡ್ರಿ, 70ಕ್ಕಿಂತ ಕಡಿಮೆ ಇದ್ದಾಗ ಸ್ಟೇರಿಂಗ್ ಮುಟ್ಟಬಾರದು. ಮಾತ್ರೆ ಚೀಟಿ ಫೋಟೋ ಮೊಬೈಲಲ್ಲಿ ಇರಲಿ. ಇರೋ ದಿನಕ್ಕಿಂತ ಒಂದು ವಾರದ ಮಾತ್ರೆ ಜಾಸ್ತಿ ಇಟ್ಕೊಳ್ರಿ, ಮೊಮ್ಮಕ್ಕಳು ಬಿಡಲ್ಲ, ಉಳ್ಕೊಂಡೇ ಉಳ್ಕೋತೀರಿ.

ಮಾತ್ರೆ ಡಬ್ಬಿ ಬಗ್ಗೆ ಇನ್ನೇನಾದ್ರೂ?

ಇದು ಯಾರೂ ಕೇಳಲ್ಲ, ನಾನೇ ಸೇರಿಸಿದ್ದು, ದಯವಿಟ್ಟು ಓದ್ರಿ. ನಮ್ಮ ಮನೇಲಿ ಇಬ್ರೇ ಇರ್ತೀವಿ, ಮಾತ್ರೆ ಟೇಬಲ್ ಮೇಲೇ ಬಿದ್ದಿರುತ್ತೆ, ಅದೇ ಅಭ್ಯಾಸದಲ್ಲಿ ಮಗಳ ಮನೇಲೂ ಬ್ಯಾಗನ್ನ ಮಂಚದ ಮೇಲೆ ಇಡ್ತೀವಿ. ಎರಡು ವರ್ಷದ ಮಗೂಗೆ ಅಜ್ಜಿ ಬ್ಯಾಗ್ ಅಂದ್ರೆ ತಿಂಡಿ ಬ್ಯಾಗೇ. ಬಣ್ಣ ಬಣ್ಣದ ಮಾತ್ರೆ, ವಾರದ ಡಬ್ಬಿ ಟಕ್ಕಂತ ಬಿಚ್ಚುತ್ತೆ. ದೊಡ್ಡೋರ ಕೆಲವು ಶುಗರ್ ಮಾತ್ರೆ, ಬಿಪಿ ಮಾತ್ರೆ ಒಂದೇ ಒಂದು ನುಂಗಿದ್ರೂ ಸಣ್ಣ ಮಗೂ ಜೀವಕ್ಕೆ ಅಪಾಯ. ಒಳಗೆ ಕಾಲಿಟ್ಟ ಕೂಡಲೇ ಬೀರು ಮೇಲೆ, ಮಗೂಗೆ ಎಟುಕದ ಜಾಗಕ್ಕೆ ಡಬ್ಬಿ ಹೋಗಬೇಕು, ಆಮೇಲೆ ಕೈಕಾಲು ತೊಳ್ಕೊಳ್ರಿ. ನುಂಗಿರಬಹುದು ಅಂತ ಅನುಮಾನ ಬಂದ್ರೂ ಕಾಯ್ಕೊಂಡು ಕೂರಬೇಡ್ರಿ, ಮಾತ್ರೆ ಪಟ್ಟಿ ಕೈಲಿ ಹಿಡ್ಕೊಂಡು ಆಸ್ಪತ್ರೆಗೆ ಓಡ್ರಿ.

ಮೊಮ್ಮಕ್ಕಳಿಗೆ ಏನು ತಗೊಂಡು ಹೋಗಬೇಕು?

ಬೆಣ್ಣೆ ಬೇಡ, ದಾರೀಲೇ ಕರಗಿ ಹುಳಿ ವಾಸನೆ ಬರುತ್ತೆ, ಕಾಯಿಸಿ ತುಪ್ಪ ಮಾಡ್ಕೊಂಡು ಸ್ಟೀಲ್ ಡಬ್ಬಿಲಿ ಹಾಕಿ ನೆಟ್ಟಗೆ ನಿಲ್ಲಿಸ್ಕೊಂಡು ಹೋಗ್ರಿ. ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿ, ರೊಟ್ಟಿ ಒಣಗಿಸಿದ್ದು, ಮಂಡಕ್ಕಿ, ಇವೆಲ್ಲ ಎಷ್ಟು ದಿನ ಆದ್ರೂ ತಡೀತವೆ. ಪುಣೆಯೋರಿಗೆ ದಾರೀಲಿ ಧಾರವಾಡ ಪೇಡೆ, ಬೆಳಗಾವಿ ಕುಂದಾ ಸಿಗುತ್ತೆ.

ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡ್ರಿ, ನಮ್ಮ ಕಾಲದಲ್ಲಿ ನೆಕ್ಕಿಸ್ತಿದ್ರು ನಿಜ, ಆದ್ರೆ ಅದರಿಂದ ಬೊಟುಲಿಸಮ್ ಅನ್ನೋ ಕೆಟ್ಟ ಕಾಯಿಲೆ ಬರೋ ಸಾಧ್ಯತೆ ಐತಿ. ನಾಲ್ಕು ವರ್ಷದೊಳಗಿನೋರಿಗೆ ಇಡೀ ಶೇಂಗಾ, ಪುಟಾಣಿ (ಹುರಿಗಡಲೆ) ಕೊಡಬೇಡ್ರಿ, ಉಸಿರುನಾಳಕ್ಕೆ ಹೋಗುತ್ತೆ, ಪುಡಿ ಮಾಡಿ ಕೊಡ್ರಿ. ಸೊಸೆ ಬೇಡ ಅಂದ್ರೆ ಬೇಸರ ಮಾಡ್ಕೋಬೇಡ್ರಿ, ಡಾಕ್ಟರ್ ಹೇಳಿದ್ದನ್ನೇ ಅವಳು ಹೇಳ್ತಿರ್ತಾಳೆ.

ಸ್ವಲ್ಪ ನೆಗಡಿ ಕೆಮ್ಮು ಐತಿ, ಹೋಗಬಹುದಾ?

ಮನೇಲಿ ಎಳೇ ಕೂಸು ಇದ್ರೆ ಮುಂದಕ್ಕೆ ಹಾಕ್ರಿ. ನಮಗೆ ಬರೀ ನೆಗಡಿ, ಎರಡು ತಿಂಗಳ ಕೂಸಿಗೆ ಅದು ನ್ಯುಮೋನಿಯಾ ಆಗಬಹುದು. ಫ್ಲೂ ಇಂಜೆಕ್ಷನ್ ವರ್ಷಕ್ಕೊಮ್ಮೆ ಹಾಕಿಸ್ಕೊಳ್ಳೋದು ಒಳ್ಳೇದು, ನಾಯಿಕೆಮ್ಮಿನ ಲಸಿಕೆ ಬಗ್ಗೆನೂ ನಿಮ್ಮ ಡಾಕ್ಟರ್‌ನ ಕೇಳ್ರಿ.

ಅಷ್ಟು ದೂರದಿಂದ ಹೋದ್ರೆ ಮೊಮ್ಮಗು ನಮ್ಮ ಹತ್ರ ಬರದೇ ಅಳುತ್ತೆ, ಏನು ಮಾಡೋದು?

ಬೇಜಾರಾಗುತ್ತೆ, ನನಗೆ ಚೆನ್ನಾಗಿ ಗೊತ್ತು. ಎಂಟು ಒಂಬತ್ತು ತಿಂಗಳಿಂದ ಒಂದೂವರೆ ವರ್ಷದ ತನಕ ಮಕ್ಕಳು ಹೊಸಬರನ್ನ ಕಂಡ್ರೆ ಹೆದರೋದು ಬೆಳವಣಿಗೆಯ ಒಂದು ಹಂತ, ಮಗು ಚೆನ್ನಾಗಿ ಬೆಳೀತೈತಿ ಅಂತಲೇ ಅರ್ಥ. ವಿಡಿಯೋ ಕಾಲಲ್ಲಿ ದಿನಾ ನೋಡಿದ್ರೂ ಮೈ ವಾಸನೆ, ಎತ್ತರ, ಮುಟ್ಟಿದ್ರೆ ಹೆಂಗಿರುತ್ತೆ ಅನ್ನೋದು ಅದಕ್ಕೆ ಗೊತ್ತಿರಲ್ಲ. ಬಾಗಿಲಲ್ಲೇ ಕೈ ಚಾಚಿ ಕಿತ್ಕೊಳ್ಳಬೇಡ್ರಿ. ಒಳಗೆ ಹೋಗಿ ನೆಲದ ಮೇಲೆ ಕೂತ್ಕೊಂಡು ಮಗಳ ಜೊತೆ ಮಾತಾಡ್ರಿ, ಮಗೂನ ನೋಡೂ ನೋಡದಂಗೆ ಇರ್ರಿ. ಒಂದು ಡಬ್ಬಿ, ಒಂದು ಚಮಚ ಹಿಡ್ಕೊಂಡು ಟಣ್ ಟಣ್ ಮಾಡ್ತಾ ಕೂತ್ರೆ ಅದೇ ತೆವಳ್ಕೊಂಡು ಬಂದು ಚಮಚ ಕಿತ್ಕೊಳ್ಳುತ್ತೆ, ಆಮೇಲೆ ಕನ್ನಡಕ, ಆಮೇಲೆ ನೀವು ಪೂರ್ತಿ ಅದರದ್ದೇ. ಎರಡು ದಿನ ಟೈಮ್ ಕೊಡ್ರಿ, ಅದಕ್ಕೇ ಎರಡು ದಿನಕ್ಕೆ ಹೋಗಿ ಓಡಿ ಬರೋ ಪ್ಲಾನ್ ನನಗೆ ಸರಿ ಕಾಣಲ್ಲ, ಕಡಿಮೆ ಅಂದ್ರೂ ಒಂದು ವಾರ ಇರಬೇಕು.

ಮತ್ತೆ ಕನ್ನಡದಲ್ಲೇ ಮಾತಾಡ್ರಿ. ಪುಣೆಲಿ ಬೆಳೆಯೋ ಮಗೂಗೆ ಸ್ಕೂಲಲ್ಲಿ ಇಂಗ್ಲಿಷು, ಹೊರಗೆ ಮರಾಠಿ ಹಿಂದಿ ತಾನಾಗೇ ಬರುತ್ತೆ, ಕನ್ನಡ ಸಿಗೋದು ಮನೇಲಷ್ಟೇ. ಅದು ಹಿಂದಿಲಿ ಉತ್ತರ ಕೊಟ್ರೂ ನೀವು ಕನ್ನಡ ಬಿಡಬೇಡ್ರಿ.

ಬೇಸಿಗೆ ರಜೆಗೆ ಮೊಮ್ಮಕ್ಕಳನ್ನ ಕಾರಲ್ಲಿ ದಾವಣಗೆರೆಗೆ ಕರ್ಕೊಂಡು ಬರೋದು ಹೆಂಗೆ?

ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸ್ಕೋಬೇಡ್ರಿ. ತಾತನ ತೊಡೆ ಪ್ರೀತಿದೇ ಇರಬಹುದು, ಬ್ರೇಕ್ ಹಾಕಿ ಗುದ್ದಿದಾಗ ಯಾರ ಕೈಲೂ ಮಗೂನ ಹಿಡ್ಕೊಳ್ಳೋಕಾಗಲ್ಲ, ಏರ್‌ಬ್ಯಾಗ್ ಒಡೆದ್ರೆ ಅದು ಮೊದಲು ಹೊಡೆಯೋದು ಮಗೂಗೇ. ಹಿಂದಿನ ಸೀಟಲ್ಲಿ ಚೈಲ್ಡ್ ಸೀಟ್ ಹಾಕಿಸ್ರಿ. ಹಿಂದೆ ಕೂತ ದೊಡ್ಡೋರೂ ಬೆಲ್ಟ್ ಹಾಕಲೇಬೇಕು, ಕಾನೂನು ಪ್ರಕಾರ 1000 ರೂಪಾಯಿ ದಂಡ, ಮಕ್ಕಳಿಗೆ ಹಾಕಿಸದಿದ್ರೂ ಅಷ್ಟೇ.

ವಾಂತಿ ಮಾಡ್ಕೊಳ್ಳೋ ಮಗು ಆದ್ರೆ ಮೊಬೈಲ್ ಕೊಡಬೇಡ್ರಿ, ಕಿಟಕಿಯಿಂದ ದೂರಕ್ಕೆ ನೋಡೋಕೆ ಹೇಳ್ರಿ. ಬೆಂಗಳೂರಿಂದ ಬರೋವಾಗ ಚಿತ್ರದುರ್ಗ ಹತ್ರ ಗುಡ್ಡದ ಮೇಲೆ ಗಾಳಿಯಂತ್ರ ಕಾಣೋಕೆ ಶುರುವಾದ್ರೆ ಎಣಿಸು ಅಂದ್ಬಿಡ್ರಿ, ಅರ್ಧ ಗಂಟೆ ಆರಾಮಾಗಿ ಕಳೆಯುತ್ತೆ. ಕೋಟೆ ತೋರಿಸೋದಾದ್ರೆ ಬೆಳಿಗ್ಗೆ ಬೇಗ ಹತ್ತಬೇಕು, ಏಪ್ರಿಲಲ್ಲಿ ಹತ್ತು ಗಂಟೆ ಮೇಲೆ ಬಂಡೆ ಕಾದು ಕಾಲಿಡೋಕಾಗಲ್ಲ, ಒನಕೆ ಓಬವ್ವನ ಕಿಂಡಿ ತೋರಿಸಿ ಇಳಿದು ಬಂದ್ರೂ ಸಾಕು. ನಮ್ಮ ಮೊಮ್ಮಗಳು ಆ ಕಿಂಡಿ ಮುಂದೆ ಕೂತು, ಇಷ್ಟು ಸಣ್ಣದ್ರಲ್ಲಿ ಅವರೆಲ್ಲ ಹೆಂಗೆ ಬಂದ್ರು ಅಂತ ತಲೆ ಒಳಗೆ ತೂರಿಸಿ ತೂರಿಸಿ ನೋಡಿದ್ಲು. ಹಿರಿಯೂರು ಹತ್ರ ಮಾರಿಕಣಿವೆ ಡ್ಯಾಮ್ ಸ್ವಲ್ಪ ಒಳಗೈತಿ, ಟೈಮ್ ಇದ್ರೆ ಮಾತ್ರ ಹೋಗ್ರಿ.

ದಾರೀಲಿ ಗಾಡಿ ಕೆಟ್ರೆ?

ಎಡಕ್ಕೆ ತಗೊಂಡು ಹಜಾರ್ಡ್ ಲೈಟ್ ಹಾಕಿ ಎಲ್ಲರೂ ಇಳಿದು ತಡೆಗೋಡೆ ಆಚೆ ನಿಲ್ಲಬೇಕು, ಕಾರೊಳಗೆ ಕೂತ್ಕೊಂಡು ಕಾಯಬಾರದು. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033, ಪೊಲೀಸ್ ತುರ್ತು 112, ಆಂಬುಲೆನ್ಸ್ 108. ಹತ್ರದ ಕಿಲೋಮೀಟರ್ ಕಲ್ಲಿನ ನಂಬರ್ ನೋಡಿ ಹೇಳಿದ್ರೆ ಬೇಗ ಬರ್ತಾರೆ. ಈ ನಂಬರ್‌ಗಳನ್ನ ಒಂದು ಚೀಟಿಲಿ ದಪ್ಪಕ್ಷರದಲ್ಲಿ ಬರೆದು ಕಾರಿನ ಸನ್ ವೈಸರ್ರಿಗೆ ಸಿಕ್ಸಿಡ್ರಿ, ಮೊಬೈಲ್ ಚಾರ್ಜ್ ಇಲ್ಲದಾಗ ಪಕ್ಕದ ಗಾಡಿಯೋರ ಫೋನಿಂದಾದ್ರೂ ಮಾಡಬಹುದು.